ಕಂಡಿಕಿ ಲೆಕ್ಕ

ಮಾದರಿ ಮನೆ ಹದಿನಾಲ್ಕು. ನಕಾಶೆಯಲ್ಲಿ ಬಾಗಿಲಿಲ್ಲ,
ಮಗ್ಗದ ಸದ್ದು ಹಿಡಿದು ಬಂದೆ ಗುಳೇದಗುಡ್ಡದ ಓಣಿಯೊಳಗೆ.
ಮೊದಲಾದರೆ ಸದ್ದು ಹಿಡಿದು ಯಾವ ಮನೆಯೂ ಸಿಗುತ್ತಿರಲಿಲ್ಲವಂತೆ,
ಎಲ್ಲ ಮನೆಯೂ ಸದ್ದೇ.
ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತ ಗಂಡ
ತಲೆ ಎತ್ತದೆ ಹೇಳಿದ:
"ಬರಕೋರಿ. ನೇಕಾರ ನಾ ಒಬ್ಬನ.
ಆಕಿ ಮನ್ಯಾಗ ಇರ್ತಾಳ."

ಮನೆಯಲ್ಲಿಯೇ ಇದ್ದಳು.
ಬಲಗೈಯಲ್ಲಿ ರಾಟಿ, ಎಡಗೈ ಬೆರಳ ಸಂದಿಯಲ್ಲಿ
ಕೂದಲಿಗಿಂತ ಸಣ್ಣ ಎಳೆ,
ಕಾಲ ಹೆಬ್ಬೆರಳಿಗೆ ಹಗ್ಗ, ಹಗ್ಗದ ಆ ತುದಿಗೆ ಜೋಳಿಗೆ,
ಜೋಳಿಗೆಯಲ್ಲಿ ಮಗಳ ಮಗ.
ಒಲೆಯ ಮೇಲೆ ಬೇಳೆ; ಉಕ್ಕುವ ಮೊದಲೇ
ಮೂಗಿಗೆ ತಿಳಿಯುತ್ತಿತ್ತು ಆಕೆಗೆ.

ಹೆಸರು ಸರಸವ್ವ ಮುರುಡಿ. ವಯಸ್ಸು?
"ಐವತ್ತ ಬರಿ. ಹೆಚ್ಚುಕಮ್ಮಿ ಆದ್ರ ಯಾರ ಕೇಳ್ತಾರ?
ನಿಂದೇನವಾ ಹೆಸರು?"
ರೇಷ್ಮಾ, ಅಂದೆ.
ನಕ್ಕಳು, ಎಳೆ ಹರಿಯದ ಹಾಗೆ.
"ರೇಷ್ಮಿ ಈ ಮನಿಗೆ ಬಂದು ಭಾಳ ದಿನ ಆಗಿತ್ತು ನೋಡು.
ಇದು ಬರೇ ಚಮಕಾ."

ಟ್ಯಾಬಿನೊಳಗೆ ನಿನ್ನೆಯ ದಿನ
ನಲವತ್ತೆಂಟು ಖಾನೆಗಳಾಗಿ ಕುಳಿತಿದೆ.
ಅರ್ಧ ತಾಸಿಗೊಂದು ಖಾನೆ, ಖಾನೆಗೊಂದೇ ಕೆಲಸ.
ನಸುಕಿನ ಐದರಿಂದ ಐದೂವರೆ?
"ನೀರ ಹಿಡದೆ. ನಳ ಸಣ್ಣಗ ಬರತೈತಿ,
ಕೊಡ ತುಂಬೂದ್ರಾಗ ನಾಕ ಕಂಡಿಕಿ ಆದವು."
ಎರಡನ್ನೂ ಒತ್ತಿದರೆ ಕೆಂಪು ಅಕ್ಷರ: ಒಂದನ್ನು ಆರಿಸಿ.
ಹತ್ತರಿಂದ ಹತ್ತೂವರೆ?
"ಕಂಡಿಕಿ. ಬ್ಯಾಳಿ. ಹುಡುಗ."
ಒಂದೇ ಹೇಳಬೇಕ್ರಿ, ಮುಖ್ಯ ಅನ್ನಿಸಿದ್ದು.
ರಾಟಿ ನಿಂತಿತು.
"ಹಂಗಾರ ಉಳದ ಎರಡೂ
ಯಾರ ಮಾಡ್ಯಾರಂತ ಬರೀತಿ?"

ತರಬೇತಿಯಲ್ಲಿ ಈ ಪ್ರಶ್ನೆ ಇರಲಿಲ್ಲ.
ಧಾರವಾಡದ ತಂಪು ಕೋಣೆ, ಮೂರು ದಿನ, ಚಹಾ, ಎರಡು ಬಿಸ್ಕೀಟು.
ಅನುಮಾನ ಬಂದರೆ 'ಮನೆಗೆಲಸ' ಒತ್ತಿರಿ, ಅಂದಿದ್ದರು ಸರ್,
ಸರಾಸರಿಯಲ್ಲಿ ಸರಿಹೋಗುತ್ತದೆ.
ಇಪ್ಪತ್ತು ವರ್ಷ ಮಂದಿಯ ಸೀರೆಗೆ ಗೊಂಡೆ ಕಟ್ಟಿದ
ನಮ್ಮವ್ವನೂ ಹೀಗೇ
ಯಾವುದೋ ಸರಾಸರಿಯಲ್ಲಿ ಸರಿಹೋಗಿರಬೇಕು.

"ಒಂದ ಮನಿಗೆ ಏನ ಕೊಡ್ತಾರ ನಿನಗ?"
ನೂರಾ ಹತ್ತು. ತಪ್ಪಿದ್ದರೆ ಫಾರ್ಮು ಮರಳಿ ಬರುತ್ತದೆ,
ರೊಕ್ಕ ಬರುವುದಿಲ್ಲ.
"ಖಣದಾಗ ಎಳಿ ತಪ್ಪಿದ್ರ ಸಾವಕಾರನೂ ಹಂಗ. ಊಟದ್ದು?"
ಇಲ್ಲ.
"ಬಸ್ಸಿಂದು?"
ಬಸ್ಸು ನಮಗ ಪುಕ್ಕಟ ಅಲ್ಲೇನ್ರಿ.
ಹೌದಲ್ಲ, ಅಂದು ಕುಣಿಯ ಕಡೆ ತಿರುಗಿದಳು:
"ಕೇಳಿದ್ರೇನು, ಈಕಿನೂ ಕಂಡಿಕಿ ಸುತ್ತಾಕಿನ."

ಆತ ಏನೂ ಅನ್ನಲಿಲ್ಲ. ಲಾಳಿ ಬರಿದಾಗಿತ್ತು.
ಹಿಂದೆ ನೋಡದೆ ಕೈ ಚಾಚಿದ,
ಈಕೆ ನೋಡದೆಯೇ ಒಂದು ಕಂಡಿಕೆ ಇಟ್ಟಳು ಅಂಗೈಯಲ್ಲಿ.
ಎಷ್ಟು ವರ್ಷದ ಅಭ್ಯಾಸವೋ!
ಮಗ್ಗ ಮತ್ತೆ ಶುರುವಾಯಿತು.
ಎರಡು ಸೆಕೆಂಡು. ಅದಕ್ಕೆ ಖಾನೆಯಿಲ್ಲ.

ಉತ್ತರ ಕೊಟ್ಟವರ ಮನೆಯಲ್ಲಿ ತಿನ್ನಬಾರದೆಂಬುದು ನಿಯಮ.
ರೊಟ್ಟಿ ಬೇಳೆ ಉಂಡೇ ಎದ್ದೆ.
ನಲವತ್ತೆಂಟರಲ್ಲಿ ಮೂವತ್ತು ಖಾನೆ 'ಮನೆಗೆಲಸ'.
ಹಸಿರು ಗುರುತು ಬಿತ್ತು. ನೂರಾ ಹತ್ತು.

ಬಾಗಲಕೋಟೆಯ ಬಸ್ಸಿನಲ್ಲಿ ಕಿಟಕಿ ಸೀಟು,
ಸೊನ್ನೆ ರೂಪಾಯಿಯ ಟಿಕೆಟ್ಟು.
ಅದರ ಬೆನ್ನಿಗೆ ಬರೆದೆ ಒಳಗೆ ಹಿಡಿಯದೆ ಉಳಿದದ್ದನ್ನು:
ನೀರು, ಕಂಡಿಕೆ, ಬೇಳೆ, ಹುಡುಗ, ನಿದ್ದೆ ಸೇರಿ
ದಿನಕ್ಕೆ ಇಪ್ಪತ್ತೊಂಬತ್ತು ತಾಸು.
ಎರಡು ಸಲ ಕೂಡಿಸಿದೆ. ಅಷ್ಟೇ ಬಂತು.

ಶಿರೂರಿನ ಹತ್ತಿರ ಚೆಕಿಂಗಿನವನು ಹತ್ತಿದ.
ಟಿಕೆಟ್ಟಿನ ಎರಡೂ ಮೈ ತಿರುವಿ ನೋಡಿದ,
ನನ್ನನ್ನೂ ನೋಡಿದ,
ಆಧಾರ್ ತೋರಿಸು ಅಂದ, ತೋರಿಸಿದೆ.
ಸರಿ, ಅಂದು ಪೆನ್ನಿನಿಂದ ಒಂದು ಗೀಟೆಳೆದು ಮರಳಿ ಕೊಟ್ಟ.
ಗೀಟು ಬಿದ್ದದ್ದು
ಇಪ್ಪತ್ತೊಂಬತ್ತರ ಮೇಲೆ.